ಹೊಸ್ತಿಲು ದಾಟಿ ಬರುವ ಮಾತುಗಳು: ಕನ್ನಡ ಕಿರುತೆರೆ ಮತ್ತು ಬದಲಾಗುವ ಮನೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕರೇ,

2022ರಲ್ಲಿ ಜೀ ಕನ್ನಡದಲ್ಲಿ ‘ಶ್ರೀರಸ್ತು ಶುಭಮಸ್ತು’ ಆರಂಭವಾದಾಗ ನಮ್ಮ ಮನೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯಿಂದ ನನ್ನ ಮಾತನ್ನು ಶುರುಮಾಡುತ್ತೇನೆ. ಬೆಳೆದ ಮಕ್ಕಳಿರುವ ತುಳಸಿ ಎಂಬ ನಡುವಯಸ್ಸಿನ ಹೆಂಗಸು ಮರುಮದುವೆಯಾಗುವ ಕಥೆ ಅದು. ಆ ಪಾತ್ರವನ್ನು ಮಾಡಿದವರು ಸುಧಾರಾಣಿ. ನಮ್ಮ ಅತ್ತೆಯವರು ಅವರೆಕಾಯಿ ಬಿಡಿಸುತ್ತಾ ಆ ಕಂತುಗಳನ್ನು ಒಂದೂ ತಪ್ಪದೆ ನೋಡಿದರು. ಒಂದು ಸಂಜೆ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ, “ಆಗಲಿ ಬಿಡು, ಅವಳಿಗೂ ಮಾತಿಗೊಂದು ಜೊತೆ ಬೇಕಲ್ಲ” ಎಂದರು. ಇದೇ ಅತ್ತೆಯವರು ಕೆಲವು ವರ್ಷಗಳ ಹಿಂದೆ ತಮ್ಮ ತವರಿನ ಕಡೆಯ ಹೆಣ್ಣುಮಗಳೊಬ್ಬಳ ಎರಡನೆಯ ಮದುವೆಗೆ ಕಾಲುನೋವಿನ ನೆಪ ಹೇಳಿ ಹೋಗಿರಲಿಲ್ಲ.

ವಿಧವೆಯರ ಮರುಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಅದನ್ನೇ ಕಥೆಯಾಗಿಸಿದ್ದು 1899ರಲ್ಲಿ. ಕನ್ನಡದ ಮನೆಗಳು ರಾತ್ರಿಯ ಊಟದ ಹೊತ್ತಿನಲ್ಲಿ ಒಟ್ಟಿಗೆ ಕುಳಿತು ಅದನ್ನು ದಿನವೂ ನೋಡಲು ಮಾತ್ರ ಇನ್ನೂ ನೂರಿಪ್ಪತ್ತು ವರ್ಷ ಹಿಡಿಯಿತು. ಈ ತಡಕ್ಕೆ ಧಾರಾವಾಹಿ ಬರೆಯುವವರ ಅಂಜಿಕೆಯೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ. ಕಾದಂಬರಿಯನ್ನು ಒಬ್ಬರೇ ಓದಬಹುದು, ಹಿಡಿಸದಿದ್ದರೆ ಮುಚ್ಚಿಡಬಹುದು, ಹಿರಿಯರ ಕಣ್ಣು ತಪ್ಪಿಸಿಯೂ ಓದಬಹುದು. ಟಿವಿ ಇರುವುದು ನಡುಮನೆಯಲ್ಲಿ. ಅತ್ತೆ, ಸೊಸೆ, ಗಂಡ, ಹತ್ತನೆಯ ತರಗತಿಯ ಮಗಳು ಎಲ್ಲರೂ ಒಬ್ಬರ ಮುಖವನ್ನೊಬ್ಬರು ಓರೆಗಣ್ಣಿನಲ್ಲಿ ಗಮನಿಸುತ್ತಾ ನೋಡುವ ಕಥೆಯು, ಅಲ್ಲಿ ಕುಳಿತ ಯಾರೂ ಎದ್ದುಹೋಗದಂತೆ ನಡೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಹೊಸ ಮಾತು ಗಂಭೀರ ಧಾರಾವಾಹಿಯಲ್ಲಿ ಹೊಸ್ತಿಲ ಬಳಿಯೇ ಬಹಳ ಕಾಲ ನಿಂತಿರುತ್ತದೆ. ಅದೇ ಮಾತು ಹಾಸ್ಯದ ವೇಷ ಹಾಕಿಕೊಂಡರೆ ಹಿತ್ತಲ ಬಾಗಿಲಿನಿಂದ ಎಷ್ಟೋ ಮೊದಲೇ ಒಳಗೆ ಬಂದುಬಿಡುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು, ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದ ಕೊನೆಯಲ್ಲಿ. ಈ ನಡುವೆ, 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದರು. ಸೀತಾರಾಮ್ ಅವರ ಮುಂದಿನ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳಿಗೆ ದೊಡ್ಡ ಸ್ಥಾನ ದೊರೆಯಿತು. ಮನೆಯೊಳಗೆ ಆಡಲಾಗದ ಮಾತನ್ನು ಕಟಕಟೆಯಲ್ಲಿ ನಿಂತು ಆಡಬಹುದೆಂಬುದು ಅವರು ಕಂಡುಕೊಂಡ ಉಪಾಯವೆಂದು ನನಗನ್ನಿಸುತ್ತದೆ. ಆ ಧಾರಾವಾಹಿಗಳ ಹೆಣ್ಣುಮಕ್ಕಳು ವಾದಿಸುತ್ತಿದ್ದರು, ಮತ್ತು ಆ ವಾದವನ್ನು ಇನ್ನೊಂದು ಪಾತ್ರ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಿತ್ತು. ಈಗಿನ ಧಾರಾವಾಹಿಗಳಲ್ಲಿ ಅಪರೂಪವಾಗಿರುವುದು ಈ ಎರಡನೆಯ ಗುಣ.

ಹಾಸ್ಯದ ವಿಷಯಕ್ಕೆ ಬರುತ್ತೇನೆ. ಈ ಶತಮಾನದ ಮೊದಲ ದಶಕದಲ್ಲಿ ಈಟಿವಿ ಕನ್ನಡದ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ ಮನೆಮಾತಾಗಿದ್ದವು. ಮೊದಲನೆಯದರಲ್ಲಿ ಗಂಡ ಹೆಂಡತಿಯ ಕೈಯಲ್ಲಿ ಏಟು ತಿನ್ನುತ್ತಾನೆ, ನಾವು ನಗುತ್ತೇವೆ. ಅದೇ ದಶಕದ ಗಂಭೀರ ಧಾರಾವಾಹಿಗಳಲ್ಲಿ ಹೆಂಡತಿ ಏಟು ತಿಂದರೆ ವೀಣೆ ನುಡಿಯುತ್ತಿತ್ತು, ಕಣ್ಣೀರು ಹರಿಯುತ್ತಿತ್ತು, ಮರುದಿನ ಅವಳೇ ಗಂಡನಿಗೆ ಕಾಫಿ ತಂದುಕೊಡುತ್ತಿದ್ದಳು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ನೀಡುವ ಕಾಯ್ದೆ 2005ರಲ್ಲಿ ಅಂಗೀಕಾರವಾದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆ ನಗುವಿನಲ್ಲಿ ಗಂಡಸರ ಅಳುಕೂ ಇತ್ತು, ಹೆಂಗಸರಿಗೆ ಒಂದು ಗುಟ್ಟಿನ ಸಮಾಧಾನವೂ ಇತ್ತು ಎಂದು ತೋರುತ್ತದೆ. ನಮ್ಮ ಬೀದಿಯ ಹೆಂಗಸರು ಎಷ್ಟು ಗಟ್ಟಿಯಾಗಿ ನಗುತ್ತಿದ್ದರೆಂಬುದು ನನಗಿನ್ನೂ ನೆನಪಿದೆ.

‘ಸಿಲ್ಲಿ ಲಲ್ಲಿ’ಯ ಲಲಿತಾಂಬ ನನಗೆ ಇನ್ನೂ ಹೆಚ್ಚು ಕುತೂಹಲ ಹುಟ್ಟಿಸುವ ಪಾತ್ರ. ಮಂಜುಭಾಷಿಣಿ ಅಭಿನಯಿಸಿದ ಈ ‘ಸಮಾಜಸೇವಕಿ’ಗೆ ಊರನ್ನು ಉದ್ಧಾರ ಮಾಡುವ ಹಂಬಲ. ಅವಳನ್ನು ನೋಡಿ ನಗುವಾಗ ನಾವು ಯಾರನ್ನು ನೋಡಿ ನಗುತ್ತಿದ್ದೆವು? 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಯ ಹೊತ್ತಿಗೇ ಕರ್ನಾಟಕವು ಶೇ. 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಯಿಂದ ಅದು ಕನಿಷ್ಠ ಮೂರನೆಯ ಒಂದು ಭಾಗವಾಯಿತು. ಮೈಕಿನ ಮುಂದೆ ನಿಂತು ಮಾತಾಡುವ ಹೆಂಗಸು ಆಗ ಪ್ರತಿ ಊರಿನಲ್ಲೂ ಕಣ್ಣಿಗೆ ಬೀಳುತ್ತಿದ್ದಳು, ಆದರೆ ಅವಳನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ಸಮಾಜಕ್ಕೆ ತಿಳಿದಿರಲಿಲ್ಲ. ಹಾಸ್ಯವು ಅವಳಿಗೆ ಕುರ್ಚಿ ಹಾಕಿತು, ಹಾಕಿದ ಮೇಲೆ ಗೇಲಿಯನ್ನೂ ಮಾಡಿತು. ಇದರಲ್ಲಿ ಅನ್ಯಾಯವಿದೆ, ನಿಜ. ಆದರೂ 2018ರ ‘ಮಗಳು ಜಾನಕಿ’ಯಲ್ಲಿ ನಾಯಕಿ ಐಪಿಎಸ್ ಅಧಿಕಾರಿಯಾದಾಗ ವೀಕ್ಷಕರು ಅದನ್ನು ಸಹಜವೆಂಬಂತೆ ಸ್ವೀಕರಿಸಿದ್ದರ ಹಿಂದೆ ಲಲಿತಾಂಬಳ ಪಾಲೂ ಇದೆಯೆಂದೇ ನನ್ನ ಎಣಿಕೆ.

ಕನ್ನಡದಲ್ಲಿ ಬಹುಕಾಲ ಡಬ್ಬಿಂಗ್‌ಗೆ ಅವಕಾಶವಿರಲಿಲ್ಲ. ಡಬ್ ಆದ ಧಾರಾವಾಹಿಗಳ ಭರಾಟೆ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಅದಕ್ಕೆ ಮುಂಚೆ ಹೊರಗಿನ ಕಥೆ ಬೇಕಾದರೆ ಅದನ್ನು ಕನ್ನಡದಲ್ಲಿ ಹೊಸದಾಗಿಯೇ ಮಾಡಬೇಕಿತ್ತು. ಈ ರೀಮೇಕ್‌ಗಳನ್ನು ವಿಮರ್ಶಕರು ಮೂಗು ಮುರಿದು ಬದಿಗಿಡುತ್ತಾರೆ. ನನ್ನಂಥವರಿಗೆ ಅವು ಬಹಳ ಉಪಯುಕ್ತ. ಒಂದೇ ಕಥೆ ಎರಡು ಭಾಷೆಗಳಲ್ಲಿ ಎಲ್ಲಿ ದಾರಿ ಬದಲಿಸುತ್ತದೆಂದು ನೋಡಿದರೆ, ನಮ್ಮ ನಡುಮನೆ ಯಾವುದನ್ನು ಒಪ್ಪಲಿಲ್ಲವೆಂಬುದು ಗೊತ್ತಾಗುತ್ತದೆ. 2008ರ ಹಿಂದಿ ‘ಬಾಲಿಕಾ ವಧು’ವಿನಿಂದ ಹುಟ್ಟಿದ ‘ಪುಟ್ಟಗೌರಿ ಮದುವೆ’ 2012ರಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾಯಿತು. ಬಾಲ್ಯವಿವಾಹದ ಪಿಡುಗನ್ನು ತೋರಿಸುವುದು ಎರಡರ ಉದ್ದೇಶವೂ ಹೌದು. ಎರಡರಲ್ಲೂ ದೊಡ್ಡವನಾದ ಹುಡುಗ ವೈದ್ಯೆಯೊಬ್ಬಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಹಿಂದಿಯ ಆನಂದಿ ಆ ಮದುವೆಯಿಂದ ಹೊರಬಂದು ಮುಂದೆ ಬೇರೊಬ್ಬನ ಕೈ ಹಿಡಿಯುತ್ತಾಳೆ. ನಮ್ಮ ಗೌರಿ ಮಹೇಶನನ್ನು ಮರಳಿ ಪಡೆಯಲು ನೂರಾರು ಕಂತು ಹೋರಾಡುತ್ತಾಳೆ. ಅರಿಯದ ವಯಸ್ಸಿನಲ್ಲಿ ಕಟ್ಟಿದ ತಾಳಿ ತಪ್ಪೆಂದು ಶುರುವಾದ ಕಥೆಯಲ್ಲಿ ಆ ತಾಳಿಯನ್ನು ಬಿಡದಿರುವುದೇ ನಾಯಕಿಯ ದೊಡ್ಡ ಗುಣವಾಗಿಬಿಟ್ಟಿತು. ಅದೇ ಕಾಲದಲ್ಲಿ ನಮ್ಮ ವಿಧಾನಮಂಡಲವು ಬಾಲ್ಯವಿವಾಹವನ್ನು ಮೂಲದಲ್ಲಿಯೇ ಅಸಿಂಧುಗೊಳಿಸುವ ತಿದ್ದುಪಡಿಯನ್ನು 2016ರಲ್ಲಿ ತಂದಿತು. ಕಾನೂನಿಗೆ ಇಲ್ಲವೇ ಇಲ್ಲದ ಮದುವೆಯನ್ನು ಧಾರಾವಾಹಿ ದಿನವೂ ಉಳಿಸಿಕೊಳ್ಳುತ್ತಿತ್ತು.

ಇದಕ್ಕೆಲ್ಲ ಟಿಆರ್‌ಪಿ ಕಾರಣವೆನ್ನುವುದು ಸುಲಭ. ಅದರಲ್ಲಿ ಸತ್ಯವಿಲ್ಲದಿಲ್ಲ, ಗುರುವಾರ ಬರುವ ಆ ಅಂಕಿಗಳನ್ನು ಹಿಡಿದುಕೊಂಡೇ ಮುಂದಿನ ವಾರದ ಕಥೆ ತಿರುಗುತ್ತದೆ. ಆದರೆ ಆ ಅಂಕಿಗಳೇ ಒಂದು ಒಳ್ಳೆಯ ಕೆಲಸವನ್ನೂ ಮಾಡಿವೆ. 2015ರಲ್ಲಿ, ಟಿವಿ ವೀಕ್ಷಕರ ಲೆಕ್ಕವಿಡುವ ಬಾರ್ಕ್ ಸಂಸ್ಥೆಯು ಹಳ್ಳಿಗಳ ವೀಕ್ಷಕರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಅದುವರೆಗೆ ಕಣ್ಣಿಗೆ ಕಾಣದಿದ್ದ ಮನೆಗಳು ವಾಹಿನಿಗಳಿಗೆ ಕಂಡವು. ಅದುವರೆಗೆ ಮಂಡ್ಯದ ಮಾತು ತೋಟದ ಆಳಿನದು, ಧಾರವಾಡದ ಮಾತು ನಗಿಸಲು ಬಂದ ನೆಂಟನದು. ನಾಯಕ ನಾಯಕಿಯರಿಗೆ ಮೈಸೂರು ಕಡೆಯ ತಿದ್ದಿದ ಕನ್ನಡವೇ ಆಗಬೇಕಿತ್ತು. 2020ರ ‘ಗಿಣಿರಾಮ’ದಲ್ಲಿ ಉತ್ತರ ಕರ್ನಾಟಕದ ಕನ್ನಡದಲ್ಲಿ ಪ್ರೀತಿಯ ಮಾತೂ ಬಂತು, ಜಗಳವೂ ಬಂತು. ಮರುವರ್ಷದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀಯವರ ಪುಟ್ಟಕ್ಕ, ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವವಳು, ತನ್ನ ಹಳ್ಳಿಯ ಮಾತಿನಲ್ಲೇ ಎದುರಾಳಿಯ ಬಾಯಿ ಮುಚ್ಚಿಸಿದಳು. ಕಳೆದ ಹತ್ತು ವರ್ಷಗಳಲ್ಲಿ ಕಿರುತೆರೆ ಮಾಡಿದ ಅತಿ ದೊಡ್ಡ ಬದಲಾವಣೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೆಸರಿಸುತ್ತೇನೆ.

ಇನ್ನೂ ಹೊಸ್ತಿಲಾಚೆಗೇ ನಿಂತಿರುವುದು ಜಾತಿ. ನಮ್ಮ ಧಾರಾವಾಹಿಗಳಲ್ಲಿ ಮದುವೆಗೆ ಅಡ್ಡಬರುವುದು ಸಾಮಾನ್ಯವಾಗಿ ಆಸ್ತಿ: ಹುಡುಗ ಕಂಪನಿಯ ಒಡೆಯ, ಹುಡುಗಿ ಅದೇ ಕಂಪನಿಯ ನೌಕರಳು. ಅರಿಸಿನ ಹಚ್ಚುವುದರಿಂದ ಧಾರೆಯವರೆಗೆ ಮದುವೆಯೊಂದು ಒಂದಿಡೀ ವಾರ ನಡೆಯುತ್ತದೆ, ಪುರೋಹಿತರ ಮಂತ್ರವೂ ಕೇಳುತ್ತದೆ, ಆದರೆ ಯಾರೂ ಯಾರ ಕುಲವನ್ನೂ ವಿಚಾರಿಸುವುದಿಲ್ಲ. ಹಾಸ್ಯವೂ ಈ ಒಂದು ವಿಷಯದಲ್ಲಿ ಹಿತ್ತಲ ಬಾಗಿಲನ್ನು ತಟ್ಟಲು ಹೆದರಿದೆ. ಮನುಷ್ಯನಿಗೆ ಗುಣ ಮುಖ್ಯ, ಮನೆತನವಲ್ಲ ಎಂದು ನಾಯಕನು ತಾಯಿಯ ಎದುರು ನಿಂತು ಹೇಳುತ್ತಾನೆ, ನಮ್ಮ ಅತ್ತೆಯವರು ಹೌದೆಂದು ತಲೆದೂಗುತ್ತಾರೆ; ಅಷ್ಟರಲ್ಲಿ ವಿರಾಮ ಬರುತ್ತದೆ, ತಮ್ಮ ತಮ್ಮ ಸಮುದಾಯದಲ್ಲೇ ವಧೂವರರನ್ನು ಹುಡುಕಿಕೊಡುವ ಜಾಲತಾಣದ ಜಾಹೀರಾತು ಶುರುವಾಗುತ್ತದೆ.