ಬಣ್ಣದ ಹೆಸರು ಬರೆದಿಟ್ಟ ಪುಟಗಳು

ಕೇಳುಗರಿಗೆ ನಮಸ್ಕಾರ. ಕಲಾವಿದರು ಪ್ರವಾಸದಲ್ಲಿ ಚಿತ್ರ, ಟಿಪ್ಪಣಿ ಬರೆದಿಟ್ಟುಕೊಳ್ಳುವ ಪುಸ್ತಕಗಳಲ್ಲಿ ಚಂದದ ಪುಟಗಳಿಗಿಂತ ಗೀಚಿದ ಪುಟಗಳೇ ನನಗೆ ಜಾಸ್ತಿ ಇಷ್ಟ.

ಫ್ರಾನ್ಸಿನ ಚಿತ್ರಕಾರ ಡೆಲಾಕ್ರುವಾ 1832ರಲ್ಲಿ ಮೊರಾಕೊಗೆ ಹೋದ. ರಾಯಭಾರಿಯ ತಂಡದ ಜೊತೆ ಹೋಗಿದ್ದವನು, ಎಲ್ಲೆಂದರಲ್ಲಿ ಕೂತು ಬಣ್ಣ ಕಲಸೋಕೆ ಪುರುಸೊತ್ತೆಲ್ಲಿ? ಒಂದು ಬಾಗಿಲು, ಕುದುರೆ ಮೇಲೊಬ್ಬ ಮನುಷ್ಯ, ನಾಲ್ಕೇ ಗೆರೆ, ಪಕ್ಕದಲ್ಲಿ ಗಡಿಬಿಡಿಯ ಅಕ್ಷರದಲ್ಲಿ ಟಿಪ್ಪಣಿ. ಬಣ್ಣ ಹಚ್ಚಲಾಗದ ಕಡೆ ಬಣ್ಣದ ಹೆಸರನ್ನೇ ಬರೆದುಬಿಡುತ್ತಿದ್ದ. ಟ್ಯಾಂಜಿಯರ್‌ನಲ್ಲಿ ನೋಡಿದ ಒಂದು ಯಹೂದಿ ಮದುವೆ ದೊಡ್ಡ ಚಿತ್ರವಾಗಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂದದ್ದು 1841ರಲ್ಲಿ. ಅಷ್ಟು ವರ್ಷ ಆ ಮದುವೆಮನೆಯನ್ನು ಕಾದಿಟ್ಟದ್ದು ಈ ಪುಸ್ತಕ.

ಆದರೆ ತಮಾಷೆ ನೋಡಿ, ಅದೇ ಮನುಷ್ಯ 1853ರಲ್ಲಿ ತನ್ನ ದಿನಚರಿಯಲ್ಲಿ ಹೇಳುತ್ತಾನೆ, ಸಣ್ಣಪುಟ್ಟ ವಿವರಗಳನ್ನು ಮರೆತ ಮೇಲೇ ಆಫ್ರಿಕಾದ ಚಿತ್ರಗಳು ತಕ್ಕಮಟ್ಟಿಗೆ ಬಂದವು ಅಂತ. ಹಾಗಾದರೆ ಬರೆದಿಟ್ಟದ್ದು ದಂಡವಾ? ನನಗೆ ಹಾಗನಿಸುವುದಿಲ್ಲ. ಪುಸ್ತಕದಲ್ಲಿ ಭದ್ರವಾಗಿದೆ ಅನ್ನೋ ಧೈರ್ಯ ಇದ್ದವನು ನಿಶ್ಚಿಂತೆಯಿಂದ ಮರೆಯಬಹುದು, ಅಲ್ವಾ?

ಜರ್ಮನಿಯ ಡ್ಯೂರರ್ ಇನ್ನೊಂದು ಥರ. 1520ರಲ್ಲಿ ನೆದರ್ಲೆಂಡ್ಸ್ ಕಡೆ ಹೊರಟವನ ದಿನಚರಿ ತೆರೆದರೆ ಬರೀ ಲೆಕ್ಕ. ಊಟಕ್ಕಿಷ್ಟು, ಆಳಿಗಿಷ್ಟು, ಜೂಜಿನಲ್ಲಿ ಕಳೆದದ್ದಿಷ್ಟು. ಓದುತ್ತಾ ಆಕಳಿಕೆ ಬರುತ್ತದೆ, ಸುಳ್ಳೇಕೆ ಹೇಳಲಿ. ಆಮೇಲೆ ಬ್ರಸೆಲ್ಸ್ ಬರುತ್ತದೆ. ಅಲ್ಲಿ ಮೆಕ್ಸಿಕೋದಿಂದ ರಾಜನಿಗೆ ತಂದ ವಸ್ತುಗಳನ್ನು ನೋಡುತ್ತಾನೆ: ಒಂದು ಮಾರು ಅಗಲದ ಚಿನ್ನದ ಸೂರ್ಯ, ಅಷ್ಟೇ ದೊಡ್ಡ ಬೆಳ್ಳಿಯ ಚಂದ್ರ. ಹುಟ್ಟಿದ ಮೇಲೆ ಇಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ ಎಂದು ಬರೆದುಕೊಳ್ಳುತ್ತಾನೆ. ಇವತ್ತು ಆ ಸೂರ್ಯನೂ ಇಲ್ಲ ಚಂದ್ರನೂ ಇಲ್ಲ, ಅಂಥ ದೊಡ್ಡ ಚಿತ್ರಕಾರ ಬರೆದ ಅವುಗಳ ಚಿತ್ರವೂ ಸಿಕ್ಕಿಲ್ಲ. ಉಳಿದದ್ದು ಖರ್ಚಿನ ಲೆಕ್ಕದ ನಡುವೆ ತೂರಿಸಿದ ಆ ಕೆಲವು ಸಾಲು. ಅದೂ ಬೇರೆಯವರು ಮಾಡಿಕೊಂಡ ನಕಲಿನಲ್ಲಿ, ಯಾಕೆಂದರೆ ಅವನ ಕೈಬರಹದ ಮೂಲ ಕಳೆದುಹೋಗಿದೆ. ಮಾತು ಉಳಿಯಿತು, ಕೈ ಎಲ್ಲಿ ಅವಸರ ಮಾಡಿತು, ಎಲ್ಲಿ ನಿಂತಿತು ಅನ್ನೋದು ಹೋಯಿತು. ಇದು ನನಗೆ ನಿಜಕ್ಕೂ ಹೊಟ್ಟೆ ಉರಿಸುವ ವಿಷಯ.

ಫೋನಿನಲ್ಲಿ ಫೋಟೋ ಇದೆಯಲ್ಲ ಅನ್ನುತ್ತೀರಿ. ಇರಲಿ, ತೆಗೆಯಿರಿ. ಆದರೆ ಇದೇ ಡ್ಯೂರರ್ ನೆದರ್ಲೆಂಡ್ಸ್‌ನ ಝೀಲೆಂಡ್ ಅನ್ನೋ ಕಡಲತೀರದ ಸೀಮೆಯ ದಡಕ್ಕೆ ತಿಮಿಂಗಿಲ ಬಂದು ಬಿದ್ದಿದೆ ಅಂತ ಕೇಳಿ ಚಳಿಗಾಲದಲ್ಲಿ ಓಡಿದ, ದೋಣಿ ಗಾಳಿಗೆ ಸಿಕ್ಕಿ ಪ್ರಾಣಕ್ಕೇ ಬಂದಿತ್ತು, ಹೋಗಿ ನೋಡಿದರೆ ಸಮುದ್ರದ ನೀರೇರಿ ಅದನ್ನು ಒಯ್ದಾಗಿತ್ತು. ಅದನ್ನೂ ಬರೆದಿಟ್ಟಿದ್ದಾನೆ. ಸಿಗದೇ ಹೋದ ತಿಮಿಂಗಿಲದ ಫೋಟೋ ಹೇಗೆ ತೆಗೆಯುತ್ತೀರಿ ಹೇಳಿ?