ಬೇತ್ ಸಹೂರಿನ ಹದಿನೆಂಟು ಹಸುಗಳು

ಕೇಳುಗರಿಗೆಲ್ಲ ನಮಸ್ಕಾರ.

ಪ್ಯಾಲೆಸ್ಟೀನಿನ ಕುಟುಂಬಗಳಿಗೆ ಹೊರಗಿನವರು ಹೇಗೆ ನೆರವಾಗಬಹುದು, ಅಲ್ಲಿಯ ಜನ ತಮ್ಮ ಊರುಗಳನ್ನು ಹೇಗೆ ಕಟ್ಟಿಕೊಂಡರು ಅಂತ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಹಾಲಿನ ಸಂಘ, ಹೆಂಗಸರ ಸಂಘ ಅಂತ ಹಳ್ಳಿ ಹಳ್ಳಿ ತಿರುಗಿ ತರಬೇತಿ ಕೊಟ್ಟವಳನ್ನು ಇದಕ್ಕೆ ಯಾಕೆ ಕರೆದರು ಅನ್ನಿಸಬಹುದು. ಸ್ವಲ್ಪ ಹೊತ್ತು ಕೇಳಿ, ಗೊತ್ತಾಗುತ್ತದೆ.

ನಾನು ಇವತ್ತು ಹೇಳುವುದು ಒಂದೇ ಮಾತು. ಮೊದಲು ಸಂಘ, ಆಮೇಲೆ ಸಾಮಾನು. ಕಷ್ಟದಲ್ಲಿರುವ ಜನಕ್ಕೆ ಏನಾದರೂ ಕೊಡುವ ಮೊದಲು, ಅವರೇ ಕಟ್ಟಿಕೊಂಡ ಸಂಘ ಯಾವುದಿದೆ ಅಂತ ಹುಡುಕಿ. ಅದರ ಕೈಗೆ ಕೊಡಿ. ಇಷ್ಟೇ. ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸುದ್ದಿಯಲ್ಲಿ ನಾವು ನೋಡುವುದು ಏನು? ಲಾರಿಗಳ ಸಾಲು, ಹಿಟ್ಟಿನ ಚೀಲ, ಪಾತ್ರೆ ಹಿಡಿದು ಚಾಚಿದ ಕೈಗಳು. ಅದನ್ನು ನೋಡಿ ನೋಡಿ, ಪ್ಯಾಲೆಸ್ಟೀನಿನವರು ಅಂದರೆ ಕೈ ಚಾಚಿಕೊಂಡೇ ಹುಟ್ಟಿದವರು ಅನ್ನುವ ಹಾಗೆ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದು ಶುದ್ಧ ಸುಳ್ಳು. ಯಾಕೆ ಸುಳ್ಳು ಅಂತ ತಿಳಿಯಬೇಕಾದರೆ ನಿಮಗೆ ಹದಿನೆಂಟು ಹಸುಗಳ ಕತೆ ಹೇಳಬೇಕು. ಈ ಹೊತ್ತಿಗೆ ಡೇರಿಗೆ ಹಾಲು ಹಾಕಿ ಬಂದು ರೇಡಿಯೊ ಹಚ್ಚಿಕೊಂಡು ಕೂತಿರುವ ಅಕ್ಕಂದಿರು, ಅಣ್ಣಂದಿರು ಇದನ್ನು ಗಮನವಿಟ್ಟು ಕೇಳಬೇಕು.

ಪ್ಯಾಲೆಸ್ಟೀನಿನಲ್ಲಿ ವೆಸ್ಟ್ ಬ್ಯಾಂಕ್ ಅನ್ನುವ ಭಾಗದಲ್ಲಿ ಬೆತ್ಲೆಹೆಮ್ ಇದೆ. ಯೇಸು ಹುಟ್ಟಿದ ಊರು. ಅದರ ಪಕ್ಕಕ್ಕೇ ಅಂಟಿಕೊಂಡಿರುವ ಪಟ್ಟಣ ಬೇತ್ ಸಹೂರ್. ಯೇಸು ಹುಟ್ಟಿದ ಸುದ್ದಿ ಕುರುಬರಿಗೆ ಸಿಕ್ಕಿದ ಬಯಲು ಇಲ್ಲೇ ಇದೆ ಅಂತ ಕ್ರೈಸ್ತರ ನಂಬಿಕೆ. ಅಲ್ಲಿಯ ಜನರಲ್ಲಿ ಜಾಸ್ತಿ ಮಂದಿ ಕ್ರೈಸ್ತರು. ಮೇಷ್ಟ್ರುಗಳು, ಅಂಗಡಿಯವರು, ಔಷಧಿ ವ್ಯಾಪಾರಿಗಳು, ಆಲಿವ್ ಮರದಲ್ಲಿ ಗೊಂಬೆ ಕೆತ್ತುವವರು. ಒಟ್ಟಿನಲ್ಲಿ ಸಗಣಿ ಬಾಚಿ ಅಭ್ಯಾಸ ಇದ್ದ ಜನವಲ್ಲ.

1967ರ ಯುದ್ಧದಿಂದ ಆ ಊರು ಇಸ್ರೇಲಿನ ಸೇನೆಯ ಆಡಳಿತದಲ್ಲಿತ್ತು. 1987ರ ಡಿಸೆಂಬರಿನಲ್ಲಿ ಪ್ಯಾಲೆಸ್ಟೀನಿನ ಜನ ಎದ್ದು ನಿಂತರು. ಅದಕ್ಕೆ ಇಂತಿಫಾದಾ ಅನ್ನುತ್ತಾರೆ. ಕರ್ಫ್ಯೂ ಶುರುವಾಯಿತು. ಶಾಲೆಗಳನ್ನು ಮುಚ್ಚಿಸಿದರು. ಅಂಗಡಿ ಬಾಗಿಲು ತೆರೆಯುವುದೇ ಕಷ್ಟವಾಯಿತು. ಆಗ ಬೇತ್ ಸಹೂರಿನವರು ಯಾರ ಲಾರಿಗೂ ಕಾಯಲಿಲ್ಲ. ಕೇರಿ ಕೇರಿಗೆ ಒಂದೊಂದು ಕಮಿಟಿ ಮಾಡಿಕೊಂಡರು. ಮಕ್ಕಳಿಗೆ ಮನೆಗಳಲ್ಲೇ ಪಾಠ ಹೇಳಿದರು. ಬೆತ್ಲೆಹೆಮ್ ವಿಶ್ವವಿದ್ಯಾಲಯದಲ್ಲಿ ಜಾದ್ ಇಸಹಾಕ್ ಅಂತ ಪ್ರಾಧ್ಯಾಪಕರು. ಅವರೂ ಅವರ ಗೆಳೆಯರೂ ಸೇರಿ ಒಂದು ಶೆಡ್ಡು ತೆರೆದು ತರಕಾರಿ ಬೀಜ, ಸಸಿ, ಕೋಳಿಮರಿ ಮಾರತೊಡಗಿದರು. ಹಿತ್ತಲಲ್ಲೇ ಬೆಳೆದುಕೊಳ್ಳಿ, ಕರ್ಫ್ಯೂ ಇದ್ದರೂ ಊಟ ನಿಲ್ಲುವುದಿಲ್ಲ ಅಂತ. ಈ ಟೊಮೇಟೊ ಸಸಿಗಾಗಿ ಇಸಹಾಕ್ ಅವರು ತಿಂಗಳುಗಟ್ಟಲೆ ಜೈಲಿನಲ್ಲಿ ಇರಬೇಕಾಯಿತು. ವಿಚಾರಣೆ ಗಿಚಾರಣೆ ಏನೂ ಇಲ್ಲ.

ಇನ್ನು ಹಾಲು. ಅಲ್ಲಿಯವರೆಗೆ ಹಾಲು ಇಸ್ರೇಲಿನ ಡೇರಿಗಳಿಂದ ಬರುತ್ತಿತ್ತು. ಅದನ್ನು ಕೊಳ್ಳುವುದು ಬೇಡ, ನಮ್ಮ ಮಕ್ಕಳ ಹಾಲು ನಮ್ಮ ಊರಿಂದಲೇ ಬರಲಿ ಅಂತ ತೀರ್ಮಾನ ಮಾಡಿದರು. ದುಡ್ಡು ಕೂಡಿಸಿ ಹದಿನೆಂಟು ಹಸು ತಂದರು. ಎಲ್ಲಿಂದ ಗೊತ್ತಾ? ಇಸ್ರೇಲಿನ ಒಂದು ಕಿಬುತ್ಸ್‌ನಿಂದ. ಕಿಬುತ್ಸ್ ಅಂದರೆ ಯಹೂದಿಗಳು ಒಟ್ಟಾಗಿ ದುಡಿದು ಒಟ್ಟಾಗಿ ಬಾಳುವ ಕೃಷಿ ಸಮುದಾಯ. ಮಾರಿದವರು ಅವರೇ, ಕೊಂಡವರು ಇವರು. ಜಗಳದ ನಡುವೆಯೂ ಹಸು ವ್ಯಾಪಾರ ನಡೆಯುತ್ತದೆ ನೋಡಿ!

ಈಗ ನನ್ನ ಕಸುಬಿನ ಮಾತು. ಕಿಬುತ್ಸ್‌ಗಳಲ್ಲಿ ಸಾಕುವುದು ನಾವು ಎಚ್.ಎಫ್. ಅನ್ನುತ್ತೇವಲ್ಲ, ಹೋಲ್‌ಸ್ಟೀನ್ ಫ್ರೀಷಿಯನ್, ಆ ಕಪ್ಪು ಬಿಳಿ ಮಚ್ಚೆಯ ಜಾತಿ. ಇಸ್ರೇಲಿನ ಎಚ್.ಎಫ್. ಹಸುಗಳು ಜಗತ್ತಿನಲ್ಲೇ ಜಾಸ್ತಿ ಹಾಲು ಕೊಡುವವು. ಅಂಥ ಹಸುವಿನ ಮುಂದೆ, ಜೀವಮಾನದಲ್ಲಿ ಕೆಚ್ಚಲು ಮುಟ್ಟದ ಮೇಷ್ಟ್ರೊಬ್ಬ ಹೋಗಿ ಕೂತರೆ ಏನಾಗುತ್ತದೆ? ಅದು ಒದೆಯುತ್ತದೆ. ಒದೆಯದಿದ್ದರೆ ಸುಮ್ನೆ ನಿಂತು ಸೊರೆ ಬಿಡದೆ ಸತಾಯಿಸುತ್ತದೆ. ಮೊಲೆ ಹಿಡಿದು ಎಳೆಯಬಾರದು, ಮೇಲಿನ ಬೆರಳಿಂದ ಶುರುಮಾಡಿ ಒಂದೊಂದೇ ಬೆರಳು ಮಡಚುತ್ತ ಒತ್ತಬೇಕು ಅಂತ ಕಲಿಯುವುದಕ್ಕೇ ವಾರಗಟ್ಟಲೆ ಬೇಕು. ಅಷ್ಟು ದಿನ ಮೊಣಕೈ ನೋವು, ಹಸುವಿಗೆ ಸಿಟ್ಟು. ನಮ್ಮ ತರಬೇತಿಗೆ ಬಂದ ಹೊಸ ಸೊಸೆಯರನ್ನು ಕೇಳಿ, ಹೇಳುತ್ತಾರೆ. ಬೇತ್ ಸಹೂರಿನವರೂ ಹಾಗೇ ಒದೆಸಿಕೊಂಡೇ ಕಲಿತರು. ಕೊನೆಗೆ ಊರಿನ ಹಾಲು ಊರಿನ ಮನೆಗಳಿಗೆ ಹೋಗತೊಡಗಿತು.

ಸೇನೆಗೆ ಸುದ್ದಿ ಮುಟ್ಟಿತು. ಬಂದರು. ಒಂದೊಂದು ಹಸುವಿನ ಫೋಟೊ ತೆಗೆದುಕೊಂಡರು, ನಂಬರು ಸಮೇತ. ಕಳ್ಳರ ಫೋಟೊ ತೆಗೆಯುತ್ತಾರಲ್ಲ, ಹಾಗೆ. ಕೊಟ್ಟಿಗೆ ಮುಚ್ಚಿ ಅಂತ ಗಡುವು ಕೊಟ್ಟರು. ಈ ಹಸುಗಳಿಂದ ಇಸ್ರೇಲಿನ ಭದ್ರತೆಗೆ ಅಪಾಯ ಅಂತ ಹೇಳಿದರು. ನಾನು ತಮಾಷೆ ಮಾಡುತ್ತಿಲ್ಲ. ಹದಿನೆಂಟು ಹಸು, ಒಂದು ದೇಶದ ಭದ್ರತೆ!

ಊರಿನವರು ಏನು ಮಾಡಿದರು? ಹಸುಗಳನ್ನು ಬಚ್ಚಿಟ್ಟರು. ಬಚ್ಚಿಡುವುದು ಅಂದರೆ ಹುಡುಗಾಟವಾ? ಕರೆಯುವ ಹಸುವನ್ನು ಬಚ್ಚಿಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು, ಇಲ್ಲವಾದರೆ ಕೆಚ್ಚಲು ಬಾವು. ಹೊತ್ತು ಮೀರಿದರೆ ಅಂಬಾ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಸಗಣಿ ಎಲ್ಲಿ ಹಾಕುತ್ತೀರಿ? ಮೇವು ಹೊತ್ತವರು ಕಣ್ಣಿಗೆ ಬೀಳುವುದಿಲ್ಲವಾ? ಇಡೀ ಊರು ಒಂದು ಮಾತಿನಲ್ಲಿ ನಿಲ್ಲದಿದ್ದರೆ ಇದು ಒಂದು ದಿನವೂ ನಡೆಯುವ ಕೆಲಸವಲ್ಲ. ಆದರೆ ನಡೆಯಿತು. ಸೈನಿಕರು ಹುಡುಕುತ್ತಲೇ ಇದ್ದರು, ಹೆಲಿಕಾಪ್ಟರು ಬಂತು, ಹಾಲು ಮಾತ್ರ ಕತ್ತಲಲ್ಲಿ ಮನೆ ಬಾಗಿಲಿಗೆ ಬರುತ್ತಲೇ ಇತ್ತು.

1989ರಲ್ಲಿ ಇದೇ ಊರು ಸೇನಾ ಆಡಳಿತಕ್ಕೆ ತೆರಿಗೆ ಕೊಡುವುದಿಲ್ಲ ಅಂತ ಕೂತಿತು. ಸೇನೆ ಊರನ್ನು ಸುಮಾರು ಆರು ವಾರ ಮುತ್ತಿಗೆ ಹಾಕಿ, ಮನೆಗಳಿಂದ, ಅಂಗಡಿಗಳಿಂದ, ಕಾರ್ಖಾನೆಗಳಿಂದ ಸಾಮಾನು ಹೊತ್ತುಕೊಂಡು ಹೋಯಿತು. ಫ್ರಿಜ್ಜು, ಟಿ.ವಿ., ಯಂತ್ರ, ಕುರ್ಚಿ. ಸಾಮಾನು ಹೋಯಿತು, ಕಮಿಟಿಯನ್ನು ಹೊತ್ತುಕೊಂಡು ಹೋಗಲು ಆಗಲಿಲ್ಲ. ಅದಕ್ಕೇ ಹೇಳುವುದು, ಮೊದಲು ಸಂಘ, ಆಮೇಲೆ ಸಾಮಾನು.

ಆ ಹಸುಗಳು ಕೊನೆಗೆ ಉಳಿಯಲಿಲ್ಲ. 1993ರಲ್ಲಿ ಇಸ್ರೇಲಿಗೂ ಪ್ಯಾಲೆಸ್ಟೀನಿನ ನಾಯಕರಿಗೂ ಓಸ್ಲೋ ಶಾಂತಿ ಒಪ್ಪಂದವಾಯಿತು. ಹೋರಾಟದ ಕಾವು ಇಳಿಯಿತು. ವಿದೇಶಗಳಿಂದ ನೆರವಿನ ಹಣ ಹರಿದು ಬಂತು. ಹಣ ಬಂದದ್ದು ಒಳ್ಳೆಯದೇ, ಆಸ್ಪತ್ರೆ ಆಯಿತು, ರಸ್ತೆ ಆಯಿತು. ಆದರೆ ಕೇರಿಯ ಕಮಿಟಿ ಹೋಗಿ ಪ್ರಾಜೆಕ್ಟು ಬಂತು. ಮೂರು ವರ್ಷದ ಪ್ರಾಜೆಕ್ಟು, ವರದಿ, ಫೋಟೊ, ಬ್ಯಾನರು. ಊರಿನವರು ಏನು ಬೇಕು ಅಂತ ಹೇಳುವ ಬದಲು, ಕೊಡುವವರು ಯಾವುದಕ್ಕೆ ಕೊಡುತ್ತಾರೆ ಅಂತ ನೋಡಿ ಅರ್ಜಿ ಬರೆಯತೊಡಗಿದರು. ಇದು ನನ್ನ ಆರೋಪ ಅಂದುಕೊಳ್ಳಬೇಡಿ. ಪ್ಯಾಲೆಸ್ಟೀನಿನವರೇ ಇದನ್ನು ಬರೆದಿದ್ದಾರೆ, ಸಿಟ್ಟಿನಿಂದಲೇ ಬರೆದಿದ್ದಾರೆ. ಪ್ರಾಜೆಕ್ಟು ಮುಗಿದ ಮರುದಿನ ಬೀಗ ಬಿದ್ದ ಕಟ್ಟಡಗಳನ್ನು ನಾನು ನಮ್ಮ ಕಡೆಯೂ ಸಾಕಷ್ಟು ನೋಡಿದ್ದೇನೆ. ನನಗಂತೂ ಆ ಬ್ಯಾನರು ಕಂಡರೆ ಮೈ ಉರಿಯುತ್ತದೆ.

ಹಸುವಿನ ಕತೆ ಉದ್ದವಾಯಿತು ಅಂತ ಗಾಜಿನ ಆಚೆ ಕೂತವರು ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹೆಂಗಸರ ಸಂಘದವರು ನೆನಪಿಟ್ಟುಕೊಳ್ಳಬೇಕಾದ ಹೆಸರು ಸಮೀಹಾ ಖಲೀಲ್. ಜನ ಉಮ್ಮ್ ಖಲೀಲ್ ಅನ್ನುತ್ತಿದ್ದರು, ಅಂದರೆ ಖಲೀಲನ ತಾಯಿ. ರಾಮಲ್ಲಾ ಪಕ್ಕದ ಅಲ್ ಬೀರೆಯಲ್ಲಿ 1965ರಲ್ಲಿ ಇನ್‌ಆಶ್ ಅಲ್ ಉಸ್ರಾ ಅನ್ನುವ ಸಂಘ ಶುರುಮಾಡಿದರು. ಶುರುವಾಗಿದ್ದು ಒಂದು ಗ್ಯಾರೇಜಿನಲ್ಲಿ. ಹೊಲಿಗೆ ಕಲಿಸಿದರು, ಕಸೂತಿ ಕೆಲಸವನ್ನು ಹಳ್ಳಿ ಹೆಂಗಸರ ಮನೆಗೇ ಕಳಿಸಿ ಕೂಲಿ ಕೊಟ್ಟರು, ಅಪ್ಪ ಇಲ್ಲದ ಮಕ್ಕಳ ಓದಿಗೆ ನೆರವಾದರು. ಸೇನೆ ಅವರನ್ನು ಹಲವು ಸಲ ಬಂಧಿಸಿತು. 1988ರಲ್ಲಿ ಸಂಘಕ್ಕೇ ಬೀಗ ಹಾಕಿತು. ಸಂಘ ಮತ್ತೆ ಬಾಗಿಲು ತೆರೆಯಿತು. 1996ರ ಪ್ಯಾಲೆಸ್ಟೀನಿನ ಅಧ್ಯಕ್ಷ ಚುನಾವಣೆಯಲ್ಲಿ ದೊಡ್ಡ ನಾಯಕ ಯಾಸಿರ್ ಅರಾಫತ್ ಎದುರು ನಿಂತ ಒಬ್ಬರೇ ಒಬ್ಬರು ಯಾರು ಅಂದುಕೊಂಡಿರಿ? ಇದೇ ಉಮ್ಮ್ ಖಲೀಲ್. ಸೋತರು, ಅದು ಬಿಡಿ. ನಿಂತರಲ್ಲ!

ಆ ಕಸೂತಿಗೆ ತತ್ರೀಜ್ ಅನ್ನುತ್ತಾರೆ. ಕಪ್ಪು ಅಥವಾ ಬಿಳಿ ಬಟ್ಟೆಯ ಮೇಲೆ, ಎದೆಯ ಭಾಗಕ್ಕೆ, ಕೆಂಪು ದಾರದಲ್ಲಿ ಒಂದರ ಮೇಲೊಂದು ಅಡ್ಡ ಹಾಯುವ ಪುಟ್ಟ ಪುಟ್ಟ ಕತ್ತರಿ ಹೊಲಿಗೆ. ಸೈಪ್ರಸ್ ಮರ, ನಕ್ಷತ್ರ, ಹಕ್ಕಿ. ಹಿಂದೆ ಹೆಂಗಸರು ತೊಟ್ಟ ನಿಲುವಂಗಿ ನೋಡಿದರೆ ಸಾಕು, ಈಕೆ ಯಾವ ಊರಿನವಳು ಅಂತ ಹೇಳಿಬಿಡುತ್ತಿದ್ದರಂತೆ. 2021ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಜಾದಲ್ಲಿ 1950ರಲ್ಲೇ ಸುಲಾಫಾ ಅನ್ನುವ ಕಸೂತಿ ಕೇಂದ್ರ ಶುರುವಾಗಿತ್ತು. ಇಸ್ರೇಲ್ ದೇಶ ಹುಟ್ಟಿದ 1948ರ ಯುದ್ಧದಲ್ಲಿ ಊರು ಬಿಟ್ಟು ಬಂದ ಹೆಂಗಸರು ಸೂಜಿ ಹಿಡಿದೇ ಮನೆ ನಡೆಸಿದರು.

ಆ ಸುಲಾಫಾವನ್ನು ಶುರುಮಾಡಿದ್ದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ಉನ್ರ್ವಾ. 1948ರಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ನೆಲೆ ಕಳೆದುಕೊಂಡರು. ಅವರಿಗಾಗಿ ಈ ಸಂಸ್ಥೆ 1950ರ ಮೇ ತಿಂಗಳಿಂದ ಕೆಲಸ ಮಾಡುತ್ತಿದೆ. ಇದರಲ್ಲಿ ದುಡಿಯುವ ಸುಮಾರು 30,000 ಜನರಲ್ಲಿ ಬಹುಪಾಲು ಮಂದಿ ಪ್ಯಾಲೆಸ್ಟೀನಿನ ನಿರಾಶ್ರಿತರೇ. ಮೇಷ್ಟ್ರು ಅವರೇ, ನರ್ಸು ಅವರೇ. ಇದನ್ನು ಎಷ್ಟು ಜನ ಗಮನಿಸಿದ್ದೀರಿ? ಪಡೆಯುವವರು, ಕೊಡುವವರು ಅಂತ ಬೇರೆ ಬೇರೆ ಇಲ್ಲ ಅಲ್ಲಿ.

ಗಾಜಾ. 2023ರ ಅಕ್ಟೋಬರ್ 7ರಂದು, ಗಾಜಾವನ್ನು ಆಳುತ್ತಿದ್ದ ಹಮಾಸ್ ಸಂಘಟನೆ ಇಸ್ರೇಲಿನ ಮೇಲೆ ದಾಳಿ ಮಾಡಿ ಸುಮಾರು 1,200 ಜನರನ್ನು ಕೊಂದಿತು. ಆಮೇಲೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದ ಪ್ರಕಾರ, 60,000ಕ್ಕೂ ಹೆಚ್ಚು ಜನ ಸತ್ತರು. 2025ರ ಆಗಸ್ಟಿನಲ್ಲಿ ಗಾಜಾ ನಗರದ ಕಡೆ ಕ್ಷಾಮ ಇದೆ ಅಂತ ವಿಶ್ವಸಂಸ್ಥೆ ಬೆಂಬಲದ ತಜ್ಞರು ಘೋಷಿಸಿದರು. ಗಡಿಯಲ್ಲಿ ಲಾರಿ ನಿಂತಾಗ ಊಟ ಹಾಕಿದ್ದು ಯಾರು? ಓಣಿಯ ಅಡುಗೆಮನೆಗಳು. ಅವರು ತಕಿಯ್ಯಾ ಅನ್ನುತ್ತಾರೆ. ದೊಡ್ಡ ಹಂಡೆ, ಕೆಳಗೆ ಗ್ಯಾಸ್ ಇಲ್ಲದೆ ಒಡೆದ ಬಾಗಿಲು, ಕಿಟಕಿಯ ಮರದ ಸೌದೆ, ಮೇಲೆ ಬೇಳೆ ಸಾರು. ಬೇಳೆ ಇದ್ದರೆ. ಅಡುಗೆ ಮಾಡುವವರೂ ಮನೆ ಕಳೆದುಕೊಂಡವರೇ. ಹಾಗಂತ ಲಾರಿ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ಲಾರಿ ಬಾರದಿದ್ದರೆ ಹಂಡೆಗೆ ಹಾಕಲು ಏನೂ ಇಲ್ಲ, ತಕಿಯ್ಯಾ ಬಾಗಿಲು ಹಾಕುತ್ತದೆ. ಹಾಗೇ ಎಷ್ಟೋ ಸಲ ಆಗಿದೆ. ನಾನು ಹೇಳುವುದು, ಲಾರಿಯ ಸಾಮಾನು ಆ ಹಂಡೆಯ ಹತ್ತಿರ ಹೋಗಲಿ, ಆ ಓಣಿಯ ಜನರ ಲೆಕ್ಕದ ಪುಸ್ತಕದ ಮೇಲೆ ಹೋಗಲಿ. ಯಾರ ಮನೆಯಲ್ಲಿ ಹಾಲು ಕುಡಿಯುವ ಮಗು ಇದೆ, ಯಾವ ಡೇರೆಯಲ್ಲಿ ಎದ್ದು ಬರಲಾಗದ ಮುದುಕಿ ಇದ್ದಾಳೆ ಅಂತ ಗೊತ್ತಿರುವುದು ಅವರಿಗೆ.

ಆಲಿವ್ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಸಮಯ ಇಲ್ಲ. ಅಕ್ಟೋಬರ್, ನವೆಂಬರ್ ಅಲ್ಲಿ ಆಲಿವ್ ಕುಯ್ಲು. ನೆಲಕ್ಕೆ ತಾಡಪಾಲು ಹಾಸಿ, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಕಾಯಿ ಬಿಡಿಸುತ್ತಾರೆ. ವೆಸ್ಟ್ ಬ್ಯಾಂಕಿನಲ್ಲಿ ಬಂದು ನೆಲೆ ಊರಿದ ಇಸ್ರೇಲಿ ವಸಾಹತುಗಾರರ ದಾಳಿ ನಡೆಯುವುದೂ ಇದೇ ಕುಯ್ಲಿನ ಹೊತ್ತಿನಲ್ಲಿ ಹೆಚ್ಚು. ಅದಕ್ಕೇ ಊರಿನವರು ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಅವರ ಜೊತೆ ಕೆಲವು ಇಸ್ರೇಲಿಗಳೂ, ಯಹೂದಿ ಧರ್ಮಗುರುಗಳೂ ಬುಟ್ಟಿ ಹಿಡಿದು ಹೋಗುವುದುಂಟು.

ನಮ್ಮ ದೇಶ ಏನು ಮಾಡಿದೆ ಅಂತ ಕೇಳುತ್ತೀರಿ. ಉನ್ರ್ವಾಗೆ ಭಾರತ ಕೆಲವು ವರ್ಷಗಳಿಂದ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುತ್ತ ಬಂದಿದೆ. 2023ರ ಅಕ್ಟೋಬರಿನಲ್ಲಿ ವಾಯುಪಡೆಯ ವಿಮಾನದಲ್ಲಿ ಔಷಧಿ, ಡೇರೆ ಎಲ್ಲ ಸೇರಿ 38 ಟನ್ನಿಗೂ ಹೆಚ್ಚು ಸಾಮಾನು ಗಾಜಾದವರಿಗಾಗಿ ಪಕ್ಕದ ಈಜಿಪ್ಟಿನ ಎಲ್ ಅರಿಶ್‌ಗೆ ಹೋಯಿತು. 2018ರಲ್ಲಿ ಪ್ರಧಾನಿ ಮೋದಿ ರಾಮಲ್ಲಾಗೆ ಹೋದಾಗ 3 ಕೋಟಿ ಡಾಲರಿನ ಆಸ್ಪತ್ರೆ ಕಟ್ಟಿಕೊಡುವ ಒಪ್ಪಂದವಾಯಿತು. ಯಾವ ಊರಿನಲ್ಲಿ ಹೇಳಿ? ಬೇತ್ ಸಹೂರಿನಲ್ಲಿ. ಹೆಂಗಸರ ತರಬೇತಿಗೆ ಒಂದು ಕೇಂದ್ರದ ಒಪ್ಪಂದವೂ ಆಗಲೇ ಆಯಿತು. ಆಸ್ಪತ್ರೆಗಿಂತ ನನಗೆ ಅದರ ಮೇಲೇ ಕಣ್ಣು, ಮುಚ್ಚಿಡುವುದೇಕೆ.

ಕೊನೆಗೆ, ನನ್ನನ್ನು ಎಲ್ಲ ಕಡೆ ಕೇಳುವ ಪ್ರಶ್ನೆ. ಹಳೆ ಬಟ್ಟೆ ಕಳಿಸಬಹುದಾ ಮೇಡಂ? ಬೇಡ. ದಯವಿಟ್ಟು ಬೇಡ. ಇಲ್ಲಿಂದ ಅಲ್ಲಿಗೆ ಸಾಗಿಸುವ ಖರ್ಚಿನಲ್ಲಿ ಹೊಸದೇ ಬರುತ್ತದೆ, ಗಡಿಯಲ್ಲಿ ಔಷಧಿಯ ಜಾಗವನ್ನು ನಿಮ್ಮ ಗಂಟು ಹಿಡಿದುಕೊಳ್ಳುತ್ತದೆ. ಹಣ ಕೊಡುವ ಮನಸ್ಸಿದ್ದರೆ, ಕೇಳಿ ಬಂದವರಿಗೆ ಮೂರು ಪ್ರಶ್ನೆ ಹಾಕಿ. ಈ ದುಡ್ಡು ಅಲ್ಲಿ ಯಾವ ಊರಿನ ಯಾವ ಸಂಘದ ಕೈಗೆ ಹೋಗುತ್ತದೆ? ಆ ಸಂಘದಲ್ಲಿ ತೀರ್ಮಾನ ಮಾಡುವವರು ಯಾರು, ಅವರಲ್ಲಿ ಹೆಂಗಸರು ಎಷ್ಟು? ಖರ್ಚಿನ ಲೆಕ್ಕ ಊರಿನವರ ಮುಂದೆ ಓದುತ್ತಾರಾ? ಬರೀ ಮಕ್ಕಳ ಅಳುವ ಫೋಟೊ ತೋರಿಸಿ, ಈ ಮೂರಕ್ಕೆ ತಡವರಿಸಿದರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ.

ನಮಸ್ಕಾರ.