ನಿಮ್ಮ ಮನೆಗೆ ಬರುವ ಮೀಟರು ಯಾವುದು?

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನಲ್ಲಿ ಮನೆ ಮಾಡಿರುವ ನಿಮ್ಮಲ್ಲಿ ಹಲವರಿಗೆ ಕರೆಂಟ್ ಕಂಪನಿಯ ಪತ್ರ ಬಂದೇ ಇರುತ್ತದೆ. ರೀಡಿಂಗನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಹಾಕಿಕೊಡುತ್ತೇವೆ, ದಿನ ಗೊತ್ತು ಮಾಡಿ ಅಂತ. ಹಾಕಿಸಿಕೊಳ್ಳಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಸ್ಮಾರ್ಟ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ತಲೆಮಾರಿನ ಮೀಟರುಗಳಿವೆ.

ನನಗೆ ಇದು ಗೊತ್ತಾದದ್ದು ಪೇಚಿಗೆ ಸಿಕ್ಕಿದ ಮೇಲೆ. ನಾವು ಬಾಡಿಗೆಗೆ ಹೋದ ಮನೆಯಲ್ಲಿ ಮೊದಲೇ ಸ್ಮಾರ್ಟ್ ಮೀಟರ್ ಇತ್ತು. ದರ ಕಡಿಮೆ ಅಂತ ಬೇರೆ ಕಂಪನಿಗೆ ಬದಲಾದೆ. ಸ್ವಲ್ಪ ದಿನಕ್ಕೆ, ಎಷ್ಟು ಕರೆಂಟ್ ಖರ್ಚಾಯಿತು ಅಂತ ತೋರಿಸುವ, ಅಡುಗೆಮನೆಯಲ್ಲಿದ್ದ ಪುಟ್ಟ ಪರದೆ ಸುಮ್ಮನಾಯಿತು. ಮೀಟರು ಕೆಟ್ಟಿರಲಿಲ್ಲ, ಯೂನಿಟ್ಟುಗಳನ್ನು ಸರಿಯಾಗೇ ಎಣಿಸುತ್ತಿತ್ತು. ಹೊಸ ಕಂಪನಿಗೆ ಅದರ ಮಾತು ಕೇಳಿಸುತ್ತಿರಲಿಲ್ಲ, ಅಷ್ಟೇ. ತಿಂಗಳಿಗೊಮ್ಮೆ ಮೆಟ್ಟಿಲ ಕೆಳಗಿನ ಕಪಾಟಿಗೆ ತಲೆ ತೂರಿಸಿ, ಟಾರ್ಚ್ ಹಿಡಿದು ರೀಡಿಂಗ್ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ಮೊದಲ ತಲೆಮಾರಿನ ಮೀಟರು. ಇದನ್ನು ಸ್ಮೆಟ್ಸ್ ಒಂದು ಅನ್ನುತ್ತಾರೆ. ಮೊಬೈಲಿನಂತೆ ಇದಕ್ಕೂ ಒಂದು ಸಿಮ್ ಇರುತ್ತದೆ. ಅದು ರೀಡಿಂಗ್ ಕಳಿಸುತ್ತಿದ್ದದ್ದು ಹಾಕಿಕೊಟ್ಟ ಕಂಪನಿಯ ವ್ಯವಸ್ಥೆಗೆ. ಕಂಪನಿ ಬಿಟ್ಟಿರೋ, ಎಷ್ಟೋ ಸಲ ನಂಟೂ ಕಡಿದುಹೋಗುತ್ತಿತ್ತು. ಎರಡನೆಯ ತಲೆಮಾರಿನದು ಸ್ಮೆಟ್ಸ್ ಎರಡು. ಇದು ಡಿಸಿಸಿ ಎಂಬ ಒಂದೇ ಜಾಲದ ಮೂಲಕ ಮಾತಾಡುತ್ತದೆ. ಎಲ್ಲ ಕಂಪನಿಗಳೂ ಆ ಜಾಲಕ್ಕೇ ಸೇರಿಕೊಂಡಿವೆ. ಹಾಗಾಗಿ ನೀವು ಯಾರ ಹತ್ತಿರ ಹೋದರೂ ಅದು ಮೂಕವಾಗಬೇಕಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಕರೆಂಟ್ ಮೀಟರಿನ ಮೇಲೆ ಕೂತಿರುವ ಸಣ್ಣ ಡಬ್ಬಿಯನ್ನು ನೋಡಿ. ಅದಕ್ಕೆ ಕಮ್ಯುನಿಕೇಶನ್ಸ್ ಹಬ್ ಅಂತ ಹೆಸರು. ಸುಮ್ನೆ ಡಬ್ಬಿ ಇದೆ ಅಂದರೆ ಸಾಲದು, ಹಳೆಯ ಕೆಲವು ಮೀಟರುಗಳ ಮೇಲೂ ಅಂಥದ್ದೊಂದು ಕೂತಿರುತ್ತದೆ. ಅದರ ಮೇಲೆ ಐದು ಪುಟ್ಟ ದೀಪಗಳಿವೆಯಾ ನೋಡಿ. ಎಸ್‌ಡಬ್ಲ್ಯೂ, ವ್ಯಾನ್, ಮೆಶ್, ಹ್ಯಾನ್, ಗ್ಯಾಸ್ ಅಂತ ಬರೆದಿದ್ದರೆ ನಿಮ್ಮದು ಎರಡನೆಯ ತಲೆಮಾರು. ವ್ಯಾನ್ ದೀಪ ಸುಮಾರು 5 ಸೆಕೆಂಡಿಗೊಮ್ಮೆ ನಿಧಾನವಾಗಿ ಮಿಂಚುತ್ತಿದ್ದರೆ ಹೊರಗಿನ ಜಾಲ ಸಿಕ್ಕಿದೆ ಎಂದರ್ಥ. ಹ್ಯಾನ್ ಅಂದರೆ ಮನೆಯೊಳಗಿನ ಜಾಲ, ಮೀಟರಿಗೂ ಪರದೆಗೂ ನಡುವಿನ ಮಾತು.

ಮೀಟರು ಹಾಕಿದ ದಿನ ನೆನಪಿದ್ದರೂ ಒಂದು ಅಂದಾಜು ಸಿಗುತ್ತದೆ. 2018ರ ಡಿಸೆಂಬರ್ ಹೊತ್ತಿಗೆ ಮಾಮೂಲಿ ಬಿಲ್ಲಿನ ಮನೆಗಳಿಗೂ, 2019ರ ಮಾರ್ಚ್ ಹೊತ್ತಿಗೆ ಮೊದಲೇ ದುಡ್ಡು ತುಂಬುವ ಪ್ರೀಪೇಮೆಂಟ್ ಮನೆಗಳಿಗೂ ಹಳೆಯದನ್ನು ಹಾಕುವುದಕ್ಕೆ ಗಡುವು ಮುಗಿಯಿತು. ಈಗ ಹೊಸದಾಗಿ ಬರುವುದು ಎರಡನೆಯದೇ.

ಹಾಗಾದರೆ ಕೇಳುವುದು ಏನು ಉಳಿಯಿತು ಅಂತೀರಾ? ಉಳಿದಿದೆ. ಇಂಗ್ಲೆಂಡಿನ ಉತ್ತರ ಭಾಗ ಮತ್ತು ಸ್ಕಾಟ್ಲೆಂಡಿನಲ್ಲಿ ಹಬ್ ದೂರ ಹೋಗುವ ರೇಡಿಯೊ ಅಲೆಗಳಲ್ಲಿ ಮಾತಾಡುತ್ತದೆ. ಇಂಗ್ಲೆಂಡಿನ ನಡುಭಾಗ, ದಕ್ಷಿಣ ಮತ್ತು ವೇಲ್ಸ್‌ನಲ್ಲಿ ಮೊಬೈಲ್ ಜಾಲದ ಮೇಲೆ, ಅದೂ ಹಳೆಯ ಹಬ್ಬುಗಳಾದರೆ 2ಜಿ, 3ಜಿಗೆಂದು ಮಾಡಿದವು. ಆ 2ಜಿ 2033ರೊಳಗೆ ನಿಲ್ಲಲಿದೆ. ಆದ್ದರಿಂದ ಆ ಕಡೆ ಇರುವವರು ಫೋನಿನಲ್ಲಿ ದಿನ ಗೊತ್ತುಮಾಡುವಾಗಲೇ ಕೇಳಿಬಿಡಿ: "ನೀವು ಹಾಕುವ ಹಬ್ 4ಜಿಯದಾ?" ಅಲ್ಲ ಅಂದರೂ ಹೆದರಬೇಡಿ. ಮುಂದೆ ಬದಲಾಗಬೇಕಾದದ್ದು ಆ ಡಬ್ಬಿ ಮಾತ್ರ, ಮೀಟರು ಅಲ್ಲೇ ಇರುತ್ತದೆ.

ಈಗಾಗಲೇ ಹಳೆಯದು ಇರುವವರು ಅದನ್ನು ಕಿತ್ತುಹಾಕಿ ಅಂತ ಜಗಳಕ್ಕೆ ನಿಲ್ಲಬೇಡಿ. 2019ರಿಂದ ಹಳೆಯ ಮೀಟರುಗಳನ್ನೂ ದೂರದಿಂದಲೇ ಡಿಸಿಸಿ ಜಾಲಕ್ಕೆ ಸೇರಿಸುತ್ತಾ ಬಂದಿದ್ದಾರೆ. ನಮ್ಮ ಮನೆಗೂ ಯಾರೂ ಬರಲಿಲ್ಲ, ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಒಂದು ದಿನ ಕಂಪನಿಯಿಂದ ಸಂದೇಶ ಬಂತು, ಇನ್ನು ರೀಡಿಂಗ್ ಕಳಿಸಬೇಕಿಲ್ಲ ಅಂತ. ಆಮೇಲೂ ಎರಡು ತಿಂಗಳು ಟಾರ್ಚ್ ಹಿಡಿದು ಹೋಗಿ ತಾಳೆ ನೋಡಿದೆ. ಸರಿಯಾಗೇ ಇತ್ತು.

ನಮಸ್ಕಾರ.